ತಮಟೆ ಕಾಯಿಸಿದ ಬೆಂಕಿ

ನಾಗೇಂದ್ರಣ್ಣನನ್ನು ನೋಡಿದವರು ಯಾರೂ ಇವನು ಗಿರಣಿಗೆ ಬೆಂಕಿ ಇಡುವ ಆಸಾಮಿ ಎನ್ನಲಾರರು. ಬೀಡಿ ಸೇದಿದವನಲ್ಲ. ಕ್ಯಾಂಟೀನಿನಲ್ಲಿ ಟೀ ಕೊಟ್ಟರೆ ಊದಿ ಊದಿ ಆರಿಸಿಕೊಂಡು ಕುಡಿಯುವ ಮನುಷ್ಯ. ಅಷ್ಟು ಹೊತ್ತಿಗೆ ನಾವೆಲ್ಲ ಕುಡಿದು ಲೋಟ ತೊಳೆದಿಟ್ಟಿರುತ್ತಿದ್ದೆವು. ಆದರೂ ನಂಜನಗೂಡಿನ ಕೋರ್ಟಿನ ಕಾಗದದಲ್ಲಿ ಅವನು ಒಂದನೇ ಆರೋಪಿ, ನೂಲಿನ ಗಿರಣಿಯ ಹತ್ತಿ ಗೋದಾಮಿಗೆ ಬೆಂಕಿ ಹಚ್ಚಲು ಯತ್ನಿಸಿದವನು. ನಾನು ಪವಿತ್ರ, ನಾಲ್ಕನೇ ಆರೋಪಿ. ಅವನ ಕಥೆಯನ್ನು ನಾನೇ ಬರೆಯಬೇಕಾಗಿದೆ. ಅವನನ್ನು ಕೇಳಿದರೆ "ಅದ್ರಲ್ಲೇನದೆ ಬುಡವ್ವ" ಎಂದು ಎದ್ದು ಹೋಗುತ್ತಾನೆ.

ಅವನ ಊರು ತಿ. ನರಸೀಪುರದ ಕಡೆ. ಅಪ್ಪ ದೊಡ್ಡಮಾದಯ್ಯ ಆ ಸುತ್ತಿನಲ್ಲಿ ಹೆಸರಾದ ತಮಟೆಯವರು. ಹೆಸರಾಗಿ ಬಂದದ್ದೇನು? ಸಾವಾದರೆ ಕರೆಯುತ್ತಿದ್ದರು, ತಮಟೆ ಹೊಡೆಸುತ್ತಿದ್ದರು, ಮುಗಿದ ಮೇಲೆ ಅಂಗಳದ ಆಚೆ ನಿಲ್ಲಿಸುತ್ತಿದ್ದರು. ಅವರ ಜೊತೆ ಬಡಿಯುತ್ತಿದ್ದವರು ಪಕ್ಕದ ಮನೆಯ ಮರಿಯಯ್ಯ. ತಮಟೆಯನ್ನು ಸುಮ್ಮನೆ ತೆಗೆದು ಬಡಿಯುವುದಕ್ಕಾಗುವುದಿಲ್ಲ. ಮೊದಲು ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಬೇಕು, ಆಗ ಬಿಗಿಯಾಗಿ ನಾದ ಕೊಡುತ್ತದೆ. ಹುಲ್ಲು, ಗರಿ ಆಯ್ದು ತಂದು ಬೆಂಕಿ ಮಾಡಿ ಕಾಯಿಸಿಕೊಡುವ ಕೆಲಸ ಮಕ್ಕಳದು. ದೊಡ್ಡಮಾದಯ್ಯನವರ ಮಗ ನಾಗೇಂದ್ರ, ಮರಿಯಯ್ಯನವರ ಮಗ ಸೋಮರಾಜು, ಇಬ್ಬರೂ ಆ ಬೆಂಕಿಯ ಮುಂದೆ ಕೂತು ಬೆಳೆದವರು.

ಒಂದು ಸಾವಿನ ಮನೆಯಲ್ಲಿ ಮರಿಯಯ್ಯ ಬಾಯಾರಿ ನೀರು ಕೇಳಿದಾಗ ದನದ ತೊಟ್ಟಿ ತೋರಿಸಿದರಂತೆ. ಅದೇ ವಾರ ಬೀದಿಯವರೆಲ್ಲ ಸೇರಿ ಇನ್ನು ಮುಂದೆ ಯಾರ ಮನೆಗೂ ತಮಟೆ ಬಡಿಯುವುದಿಲ್ಲ ಎಂದು ತೀರ್ಮಾನಿಸಿದರು. ದೊಡ್ಡಮಾದಯ್ಯ ತಮಟೆಯನ್ನು ಅಟ್ಟಕ್ಕೆ ಹಾಕಿದರು. ಗೋಡೆಗೆ ಬುದ್ಧನ ಪಟ ಬಂತು. "ನಮ್ ಕಾಲುಕ್ಕೇ ಸಾಕು, ನೀವು ಓದ್ಕಳಿ" ಎಂದು ಇಬ್ಬರು ಹುಡುಗರಿಗೂ ಹೇಳಿದರು. ಸೋಮರಾಜು ಓದಿ ಪೊಲೀಸ್ ಆದ. ನಾಗೇಂದ್ರಣ್ಣ ಹತ್ತನೇ ಕ್ಲಾಸಿಗೆ ನಿಲ್ಲಿಸಿ ನಂಜನಗೂಡಿನ ನೂಲಿನ ಗಿರಣಿಗೆ ಬಂದ. ಆಮೇಲೆ ಎಷ್ಟೋ ವರ್ಷಕ್ಕೆ ನಾನು ಬೇರೆ ಊರಿನಿಂದ ಬಂದು ಅದೇ ಗಿರಣಿ ಸೇರಿದೆ.

ಸಂಘ ಕಟ್ಟಿದ್ದು ಕೊರೊನಾಕ್ಕೆ ಹಿಂದಿನ ವರ್ಷ. ಪಾಳಿ ಮುಗಿದರೂ ಬಿಡುತ್ತಿರಲಿಲ್ಲ. ಹೆಂಗಸರು ಪಾಯಿಖಾನೆಗೆ ಹೋದರೆ ಸೂಪರ್‌ವೈಸರ್ ಬಾಗಿಲ ಹೊರಗೆ ನಿಂತು "ಆಯ್ತೇನ್ರಮ್ಮ" ಎಂದು ಕೂಗುತ್ತಿದ್ದ. ಅವನ ನಾಲಿಗೆ ಬಿದ್ದುಹೋಗಲಿ ಎಂದು ನಾನು ಶಪಿಸುತ್ತಿದ್ದೆ. ನಾಗೇಂದ್ರಣ್ಣ ಶಾಪ ಹಾಕುವ ಬದಲು ಅರ್ಜಿ ಬರೆದ, ಜನ ಸೇರಿಸಿದ, ಸಂಘವನ್ನು ನೋಂದಾಯಿಸಿ ಕಾರ್ಯದರ್ಶಿಯಾದ. ನೋಂದಣಿಯಾದ ತಿಂಗಳಿಗೇ ನಮ್ಮ ಒಂಬತ್ತು ಜನರನ್ನು ಕೆಲಸದಿಂದ ತೆಗೆದರು.

ಗೇಟಿನ ಮುಂದೆ ಕೂತೆವು. ಘೋಷಣೆ ಕೂಗಿ ಗಂಟಲು ಕಟ್ಟಿತೇ ಹೊರತು ಒಳಗಿನ ಯಂತ್ರಗಳ ಸದ್ದನ್ನು ದಾಟಲಿಲ್ಲ. ಹೊರಗೆ ನಾವಿನ್ನೂ ಇದ್ದೇವೆಂಬುದೇ ಒಳಗಿದ್ದವರಿಗೆ ಗೊತ್ತಾಗುತ್ತಿರಲಿಲ್ಲ. ಆಗ ನಾಗೇಂದ್ರಣ್ಣ ಊರಿಗೆ ಹೋಗಿ ಅಟ್ಟ ಹತ್ತಿದ. ಅವತ್ತು ನಡೆದ ಮಾತನ್ನು ದೊಡ್ಡಮಾದಯ್ಯನವರೇ ಆಮೇಲೆ ನನಗೆ ಹೇಳಿದರು.

"ಯಾರ್ ಮನೆ ಸಾವಿಗ್ಲಾ ಅದು?"

"ಸಾವಿಗಲ್ಲ ಕಣಪ್ಪ. ಯಾರೂ ಕರುದಿಲ್ಲ. ನಮ್ ಕೆಲ್ಸುಕ್ಕೆ ನಾನೇ ಬಡೀತೀನಿ."

ಮುದುಕ ಎದ್ದು ಬಂದು ಏಣಿ ಹಿಡಿದರಂತೆ. "ಅಂಗಾರೆ ಸರ್ಯಾಗಿ ಕಾಯ್ಸ್ಕಂಡು ಬಡಿ. ಗಾಳಿಗೆ ಮರೆ ನೋಡ್ಕಂಡು ಬೆಂಕಿ ಮಾಡು."

ಮಗ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ. ಗೇಟಿನ ಮುಂದೆ ರಸ್ತೆಯ ಗಾಳಿ ಜೋರಾಗಿತ್ತು. ಮರೆ ಎಂದು ಇದ್ದದ್ದು ಗಿರಣಿಯ ಕಾಂಪೌಂಡ್ ಗೋಡೆ ಒಂದೇ. ಅದರ ಬುಡದಲ್ಲಿ ಒಂದು ಮೊರದಷ್ಟು ತೆಂಗಿನ ಗರಿ ಹಾಕಿ ಕಡ್ಡಿ ಗೀರಿದ. ಗೋಡೆಯ ಆಚೆ ಇದ್ದದ್ದು ಹತ್ತಿ ಗೋದಾಮು ಎಂಬುದು ನಮ್ಮಲ್ಲಿ ಒಬ್ಬರಿಗೂ ತಲೆಗೆ ಹೋಗಲಿಲ್ಲ. ವರ್ಷಗಟ್ಟಲೆ ಅದರೊಳಗೆ ದುಡಿದವರಿಗೆ!

ಆ ತಮಟೆ ಸದ್ದು ಎದ್ದಾಗ ನನ್ನ ಮೈ ಜುಂ ಎಂದಿತು. ಎಷ್ಟೋ ವರ್ಷ ಅಟ್ಟದಲ್ಲಿ ಬಿದ್ದಿದ್ದ ಚರ್ಮ ಯಂತ್ರದ ಸದ್ದನ್ನು ಸೀಳಿಕೊಂಡು ಒಳಗೆ ಹೋಯಿತು. ಕಿಟಕಿಗಳಲ್ಲಿ ಒಂದೊಂದೇ ಮುಖ ಕಾಣಿಸಿತು, ಕೈಗಳು ಬೀಸಿದವು. ನಾನು ನಗುತ್ತಾ ಅಳುತ್ತಿದ್ದೆ. ನಾಗೇಂದ್ರಣ್ಣನನ್ನು ಅಷ್ಟು ಸಂತೋಷವಾಗಿ ನಾನು ಹಿಂದೆಯೂ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ.

ಪೊಲೀಸ್ ಜೀಪು ಬಂತು. ಅದರಿಂದ ಇಳಿದವರಲ್ಲಿ ಸೋಮರಾಜು ಇದ್ದ, ಆ ವೇಳೆಗೆ ಹೆಡ್ ಕಾನ್‌ಸ್ಟೇಬಲ್. ಉರಿದು ಮುಗಿಯುತ್ತಿದ್ದ ಗರಿಯನ್ನು ಬೂಟುಗಾಲಲ್ಲಿ ತುಳಿದು ಆರಿಸಿದ. ನಾಗೇಂದ್ರಣ್ಣನ ಮುಖ ನೋಡಲಿಲ್ಲ. ತಮಟೆಯನ್ನು ಜಪ್ತಿ ಮಾಡಿದರು. ಅದರ ಎರಡು ಕಡ್ಡಿಗಳು ಎಫ್‌ಐಆರ್‌ನಲ್ಲಿ ದೊಣ್ಣೆಗಳಾದವು, ನಾವು ಗಲಭೆಕೋರರಾದೆವು, ಗರಿಯ ಬೆಂಕಿ ಗೋದಾಮು ಸುಡುವ ಸಂಚಾಯಿತು. ಗಂಡಸರು ಮೈಸೂರಿನ ಜೈಲಿಗೆ ಹೋದರು. ನನಗೆ ಮಗು ಚಿಕ್ಕದೆಂದು ಬೇಗ ಜಾಮೀನು ಸಿಕ್ಕಿತು.

ಆಮೇಲೆ ವಾಯಿದೆಯ ಮೇಲೆ ವಾಯಿದೆ. ಕೊರೊನಾ ಬಂದು ಹೋಯಿತು. ನಾಗೇಂದ್ರಣ್ಣ ಕಳಲೆ ಕಡೆಯ ತೋಟಗಳಲ್ಲಿ ಕೂಲಿ ಮಾಡಿದ, ಗೊಬ್ಬರದ ಅಂಗಡಿಯಲ್ಲಿ ಮೂಟೆ ಹೊತ್ತ, ಆದರೆ ಸಂಘವನ್ನು ಸಾಯಲು ಬಿಡಲಿಲ್ಲ. ಸಂಜೆ ಪಾಳಿ ಬಿಡುವಾಗ ಬಸ್ ಸ್ಟಾಪಿನಲ್ಲಿ ನಿಂತು ಒಬ್ಬೊಬ್ಬರನ್ನೇ ಮಾತಾಡಿಸುತ್ತಿದ್ದ. ಗಿರಣಿಯ ಆಫೀಸರ್ ಗಂಗಾಧರಸ್ವಾಮಿ ಎಲ್ಲರಿಗೂ ಒಂದೇ ಮಾತು ಹೇಳಿ ಕಳಿಸಿದ್ದರು: ನಾಗೇಂದ್ರ ಸುಡಲಿಕ್ಕೇ ಬೆಂಕಿ ಹಚ್ಚಿದ ಎಂದು ಹೇಳಿ, ನಿಮ್ಮ ಕೆಲಸ ಭದ್ರ. ಗಿರಣಿಯಲ್ಲಿ ಇನ್ನೂ ಕೆಲಸದಲ್ಲಿದ್ದ ಇಬ್ಬರು ಸದಸ್ಯರು ಹಾಗೇ ಸಾಕ್ಷಿ ಹೇಳಿದರು. ನಾಗೇಂದ್ರಣ್ಣನಿಗೆ ಶಿಕ್ಷೆಯಾದರೆ ಸಂಘದ ಕಥೆಯೂ ಮುಗಿದಂತೆ ಎಂಬುದು ಗಿರಣಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಸಂಘ ಅಂದರೆ ಜನಕ್ಕೆ ಅವನೇ.

ಸೋಮರಾಜು ಸಾಕ್ಷಿಕಟ್ಟೆ ಹತ್ತಿದ ದಿನ ನಮ್ಮ ವಕೀಲರು ಶ್ರೀವಾಣಿ ಮೇಡಂ ಕೇಳಿದರು.

"ಬೆಂಕಿ ಯಾಕೆ ಹಚ್ಚಿದರು?"

"ಗೋದಾಮು ಸುಡೋದಕ್ಕೆ."

"ಬಡಿಯುವ ಮುಂಚೆ ತಮಟೆಯನ್ನು ಬೆಂಕಿಗೆ ಕಾಯಿಸುತ್ತಾರೆ. ಇದು ನಿಮಗೆ ಗೊತ್ತಿದೆಯೇ?"

"ಗೊತ್ತಿಲ್ಲ ಮೇಡಂ."

"ಕಾಯಿಸೋದನ್ನ ಯಾವತ್ತೂ ನೋಡಿಲ್ಲವೇ?"

"ಇಲ್ಲ. ನಮ್ಮ ಕಡೆ ಅಂಥದ್ದೇನಿಲ್ಲ."

ನಾಗೇಂದ್ರಣ್ಣನ ಕಡೆ ತಿರುಗಿದೆ. ಅವನು ನೆಲ ನೋಡುತ್ತಿದ್ದ. ಊಟದ ಬಿಡುವಿಗೆ ಕೋರ್ಟಿನ ಹೊಂಗೆ ಮರದ ಕೆಳಗೆ ಹಿಡಿದು ನಿಲ್ಲಿಸಿ ಕೇಳಿದಾಗ ಸೋಮರಾಜು ಪಕ್ಕದ ಮನೆಯ ಮರಿಯಯ್ಯನ ಮಗ ಎಂಬುದನ್ನೆಲ್ಲ ಹೇಳಿದ. ಅಲ್ಲಿಯವರೆಗೆ ನಮಗೆ ಅದು ಗೊತ್ತೇ ಇರಲಿಲ್ಲ. ಶ್ರೀವಾಣಿ ಮೇಡಂ ಮುಖ ಅರಳಿತು.

"ಸಾಕು ಕಣ್ರೀ. ಮಧ್ಯಾಹ್ನ ಎರಡೇ ಪ್ರಶ್ನೆ ಕೇಳ್ತೀನಿ. ಇವನ ಸಾಕ್ಷಿ ಬಿದ್ದುಹೋಗುತ್ತೆ."

"ಕೇಳ್‌ಬ್ಯಾಡಿ ಮೇಡಂ."

ನಾಗೇಂದ್ರಣ್ಣ ಹೇಳಿದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡೆ.

"ಅವ್ನು ಈ ಊರಲ್ಲಿ ಬಾಡ್ಗೆಗವ್ನೆ. ಯಾವ್ ಜನ ಅಂತ ಗೊತ್ತಾದ್ರೆ ಆ ಬೀದೀಲಿ ಇರಾಕೆ ಬುಡಲ್ಲ. ಮನೆ ಓನರ್ ಅಳಿಯ ಇದೇ ಕೋರ್ಟಲ್ಲಿ ಗುಮಾಸ್ತ. ಅವ್ನ್ ಮಗ್ಳಿಗೆ ಗಂಡು ನೋಡ್ತಾವ್ರೆ. ನಮ್ಮಪ್ಪಾರು ತಮಟೆ ಕೆಳಕ್ ಮಡಗಿದ್ದು ನಾವು ಅದ್ರಿಂದ ಬುಡುಗಡೆ ಆಗ್ಲಿ ಅಂತ. ಈಗ ನಾನೇ ಅದ್ನ ತಗಂಡೋಗಿ ಅವ್ನ್ ಕುತ್ಗೆಗೆ ಕಟ್ಲಾ?"

"ಅವನು ನಿನ್ನ ಕುತ್ತಿಗೆಗೆ ಹಗ್ಗ ಕಟ್ತಾವ್ನಲ್ಲಣ್ಣ!" ನಾನು ಕಿರುಚಿದೆ. "ನಮ್ ಗತಿ ಏನು?"

"ನಿಮ್ ಮ್ಯಾಲೆ ಬೆಂಕಿ ಕೇಸು ನಿಲ್ಲಲ್ಲ ಕಣವ್ವ. ಬೆಂಕಿ ಅಚ್ಚಿದ್ದು ನಾನು."

"ಸಂಘದ ಗತಿ?"

ಶ್ರೀವಾಣಿ ಮೇಡಂ ಬಹಳ ಹೊತ್ತು ಹೇಳಿ ನೋಡಿದರು. ಕಕ್ಷಿದಾರ ಬೇಡ ಎಂದ ಮೇಲೆ ಕೇಳಲಾರೆ ಎಂದು ಕೊನೆಗೆ ಫೈಲು ಮುಚ್ಚಿದರು. ಅವನು ಮಾಡಿದ್ದು ದೊಡ್ಡತನ ಎಂದು ವಿಷಯ ಗೊತ್ತಿರುವ ನಮ್ಮವರು ಒಂದಿಬ್ಬರು ಹೇಳುತ್ತಾರೆ. ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಆ ದಿನ ನನಗೆ ಬಂದ ಸಿಟ್ಟು ಸೋಮರಾಜುವಿನ ಮೇಲೆ ಎಷ್ಟಿತ್ತೋ ನಾಗೇಂದ್ರಣ್ಣನ ಮೇಲೂ ಅಷ್ಟೇ ಇತ್ತು.

ನಮ್ಮ ಕಡೆ ಸಾಕ್ಷಿಯಾಗಿ ದೊಡ್ಡಮಾದಯ್ಯ ಒಬ್ಬರೇ ಬಂದರು. ಬಿಟ್ಟ ತಮಟೆಯ ಹೆಸರಲ್ಲಿ ಕೋರ್ಟು ಹತ್ತಲು ಆ ಬೀದಿಯ ಬೇರೆ ಯಾರೂ ಒಪ್ಪಲಿಲ್ಲ. ಮೊಮ್ಮಗನ ಹೆಗಲು ಹಿಡಿದು ಕಟ್ಟೆ ಹತ್ತಿದ ಮುದುಕನ ಕೈಗೆ ಅವರದೇ ತಮಟೆ ಕೊಟ್ಟರು. ಸ್ಟೇಷನ್ನಿನ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದು ಚರ್ಮ ತೇವ ಹಿಡಿದಿತ್ತು. ಬೆರಳಲ್ಲಿ ಒಂದು ಸಲ ಬಡಿದರು. ಒದ್ದೆ ಗೋಣಿಚೀಲ ಒದ್ದ ಹಾಗೆ ದಪ್ ಎಂದಿತು.

"ಕಾಯ್ಸ್‌ದೆ ಇದ್ರೆ ಇಂಗೇ ಸ್ವಾಮಿ. ಎಲ್ಡು ಗರಿ ಕೊಡ್ಸಿ, ಇಲ್ಲೇ ಕಾಯ್ಸಿ ತೋರುಸ್ತೀನಿ."

ಕೋರ್ಟಿನಲ್ಲಿ ನಗು ಎದ್ದಿತು. ನ್ಯಾಯಾಧೀಶರು ನಗಲಿಲ್ಲ. "ಇಲ್ಲಿ ಬೆಂಕಿ ಹಚ್ಚೋ ಹಾಗಿಲ್ಲ, ಯಜಮಾನ್ರೆ" ಎಂದರು, ಮೃದುವಾಗಿಯೇ.

ಸರ್ಕಾರಿ ವಕೀಲರು ಎದ್ದರು. "ನಿಮ್ಮನ್ನೂ ನಿಮ್ಮ ಮಗನನ್ನೂ ಬಿಟ್ಟರೆ, ನಿಮ್ಮ ಊರಲ್ಲಿ ಹೀಗೆ ಕಾಯಿಸುತ್ತಿದ್ದವರು ಬೇರೆ ಯಾರಿದ್ದಾರೆ? ಹೆಸರು ಹೇಳಿ."

ಸೋಮರಾಜು ಅವತ್ತು ಕೋರ್ಟ್ ಡ್ಯೂಟಿಯಲ್ಲಿ ಬಾಗಿಲ ಬಳಿಯೇ ನಿಂತಿದ್ದ. ಮುದುಕ ಅವನ ಕಡೆ ನೋಡಿದರು. ಹೇಳಿಬಿಡಿ, ಹೇಳಿಬಿಡಿ ಎಂದು ನಾನು ಒಳಗೇ ಒದ್ದಾಡಿದೆ.

"ಇದ್ರು ಸ್ವಾಮಿ," ಎಂದರು ದೊಡ್ಡಮಾದಯ್ಯ. "ಈಗ ಯಾರೂ ಇಲ್ಲ."

ತೀರ್ಪು ಹೋದ ವರ್ಷ ಬಂತು. ನಾವು ಎಂಟು ಜನ ಖುಲಾಸೆಯಾದೆವು. ತಮಟೆ ಕಾಯಿಸುವ ಪದ್ಧತಿಯ ಬಗ್ಗೆ ಆರೋಪಿಯ ತಂದೆಯ ಮಾತು ಬಿಟ್ಟರೆ ಬೇರೆ ಆಧಾರವಿಲ್ಲ, ಅದೇ ಸೀಮೆಯ ಪೊಲೀಸ್ ಸಾಕ್ಷಿಗೇ ಅದು ತಿಳಿದಿಲ್ಲ, ಬೆಂಕಿ ಹಚ್ಚಿದ ಜಾಗ ಗೋದಾಮಿನ ಪಕ್ಕದ ಗೋಡೆಯ ಬುಡ ಎಂದು ಹೇಳಿ ನಾಗೇಂದ್ರಣ್ಣನಿಗೆ ಎರಡು ವರ್ಷ ಕೊಟ್ಟರು. ಕೊನೆಯಲ್ಲಿ ತಮಟೆಯ ಬಗ್ಗೆಯೂ ಒಂದು ಸಾಲಿತ್ತು: ಬೆಲೆಯಿಲ್ಲದ ವಸ್ತು, ಅಪೀಲಿನ ಅವಧಿ ಮುಗಿದ ಮೇಲೆ ನಾಶಪಡಿಸುವುದು. ಅದನ್ನು ನಾನು ದೊಡ್ಡಮಾದಯ್ಯನವರಿಗೆ ಓದಿ ಹೇಳಿದೆ.

"ಬೆಲೆ ಇಲ್ದೆ ಇರೋ ವಸ್ತೂನ ಕಾಯ್ಸಿದ್ಕೆ ಎಲ್ಡು ವರ್ಸನಾ ಮಗಾ?" ಎಂದು ಕೇಳಿದರು. ನಾನು ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ.

ಅಪೀಲು ಹಾಕಿ ಜಾಮೀನು ತಂದೆವು. ಇಂಥ ಅಪರಾಧದಲ್ಲಿ ಜೈಲು ಶಿಕ್ಷೆಯಾದವನು ಸಂಘದ ಪದಾಧಿಕಾರಿಯಾಗಿ ಉಳಿಯುವಂತಿಲ್ಲ ಎಂದು ಗಿರಣಿಯವರು ಕಾಗದ ಕಳಿಸಿದರು. ಉಳಿದ ಸದಸ್ಯರು ಸೇರಿ ನನ್ನನ್ನು ಕಾರ್ಯದರ್ಶಿ ಮಾಡಿದರು. ಉಳಿದವರು ಎಂದರೆ ಒಂದು ಆಟೋದಲ್ಲಿ ಹಿಡಿಸುವಷ್ಟು ಜನ. ನಾನು ಮಾಡಿದ ಮೊದಲ ಕೆಲಸವೆಂದರೆ ಮೈಸೂರಿಗೆ ಹೋಗಿ ಫೈಬರ್ ತಮಟೆ ತಂದದ್ದು. ಅದಕ್ಕೆ ಬೆಂಕಿ ಬೇಡ. ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ ಸದ್ದು ಮಾಡುತ್ತದೆ, ಆದರೆ ಅದನ್ನು ಬಡಿದಿದ್ದಕ್ಕೆ ಯಾರ ಮೇಲೂ ಬೆಂಕಿ ಕೇಸು ಹಾಕುವುದಕ್ಕಾಗುವುದಿಲ್ಲ.

ಕಳೆದ ತಿಂಗಳು ಗೇಟಿನ ಮುಂದೆ ಮತ್ತೆ ಕೂತೆವು. ಗೇಟಿನ ಹತ್ತಿರ ಸುಳಿಯಬಾರದೆಂದು ಜಾಮೀನಿನ ಷರತ್ತು ಇರುವುದರಿಂದ ನಾಗೇಂದ್ರಣ್ಣ ದೂರದ ಬಸ್ ಸ್ಟಾಪಿನಲ್ಲಿ ನಿಂತು ನೋಡುತ್ತಿದ್ದ. ಬಂದೋಬಸ್ತಿಗೆ ಸೋಮರಾಜು ಬಂದಿದ್ದ. ಕೂದಲು ಬೆಳ್ಳಗಾಗಿತ್ತು. ಫೈಬರ್ ತಮಟೆಯನ್ನು ನೋಡುತ್ತಾ ನಿಂತಿದ್ದವನು ಮೆಲ್ಲಗೆ ನನ್ನ ಹತ್ತಿರ ಬಂದ.

"ಇದ್ಕೆ ಕಾಯ್ಸದು ಬ್ಯಾಡ್ವಾ, ಅಕ್ಕ?"

ಕೋರ್ಟಿನಲ್ಲಿ ಮಾತಾಡಿದ ಭಾಷೆ ಅದಾಗಿರಲಿಲ್ಲ. ಅದು ಅವನ ಊರಿನ ಮಾತು.

"ಮಗ್ಳ ಮದ್ವೆ ಆಯ್ತು. ನಾನು ಮುಂದಿನ್ ವರ್ಸ ರಿಟೈರು," ಎಂದ. ಬಸ್ ಸ್ಟಾಪಿನ ಕಡೆ ನೋಡಿದ. "ಅಪೀಲಲ್ಲಿ ಕರುಸಿ. ಬಂದು ಏಳ್ತೀನಿ. ನಾನೂ ಅವ್ನೂ ಒಂದೇ ಬೆಂಕೀಲಿ ಕಾಯ್ಸ್ತಿದ್ದೊ ಅಂತ ಏಳ್ತೀನಿ."

ಈ ಮಾತಿಗೆ ನಾನು ಎಷ್ಟು ವರ್ಷ ಕಾದಿದ್ದೆ! ಆದರೆ ಅಪೀಲಿನ ಬಗ್ಗೆ ಶ್ರೀವಾಣಿ ಮೇಡಂ ನನಗೆ ಮೊದಲೇ ಬಿಡಿಸಿ ಹೇಳಿದ್ದರು.

"ಅಪೀಲಿನಲ್ಲಿ ಸಾಕ್ಷಿಗಳನ್ನ ಮತ್ತೆ ಕರೆಯಲ್ವಂತೆ ಕಣಪ್ಪ," ಎಂದೆ. "ನೀನು ಅವತ್ತು ಹೇಳಿದ್ದನ್ನೇ ಓದ್ತಾರಂತೆ."

ಅವನು ಟೋಪಿ ಸರಿಮಾಡಿಕೊಂಡು ಹೋಗಿ ಗೋಡೆಯ ಬುಡದಲ್ಲಿ, ಆ ದಿನ ಗರಿ ಉರಿದ ಜಾಗದಲ್ಲೇ ನಿಂತುಕೊಂಡ. ನಮ್ಮವರು ಫೈಬರ್ ತಮಟೆ ಬಡಿಯಲು ಶುರುಮಾಡಿದರು. ಗಿರಣಿಯ ಕಿಟಕಿಗಳಿಗೆ ಯಾರೂ ಬರಲಿಲ್ಲ.