ನಿದ್ದೆ ಕಡಿದು ತೂಕ ಇಳಿಸಲು ಹೊರಟಿದ್ದು

ಹೆಚ್ಚು ಮಲಗಿದರೆ ಮೈ ಬರುತ್ತದೆ ಎಂಬುದು ನಮ್ಮ ಮನೆಯ ನಂಬಿಕೆ. ಥೈರಾಯ್ಡ್ ಮಾತ್ರೆ ಶುರುವಾದ ಮೇಲೂ ತೂಕ ಇಳಿಯದಿದ್ದಾಗ ನಾನೂ ಅಲಾರಾಂ ಅನ್ನು ಇನ್ನಷ್ಟು ಬೇಗಕ್ಕೆ ಇಟ್ಟು, ಕತ್ತಲಲ್ಲೇ ಎದ್ದು ಜಯನಗರದ ಪಾರ್ಕಿಗೆ ವಾಕಿಂಗ್ ಹೊರಟೆ. ಶನಿವಾರ ಒಪ್ಪತ್ತು. ರಾತ್ರಿ ಒಂದೇ ಚಪಾತಿ. ಆದರೂ ಆಫೀಸಿಗೆ ಹೋಗಿ ಕೂತರೆ ಸಾಕು, ಹೊಟ್ಟೆ ಚುರುಗುಟ್ಟುತ್ತಿತ್ತು. ಕ್ಯಾಂಟೀನಿನ ಖಾರಾಬಾತ್, ಅದರ ಹಿಂದೆಯೇ ಬನ್ನು. ತಿಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ವಾಕಿಂಗ್ ಗೆಳತಿಯರು "ಬಾಯಿ ಕಟ್ಬೇಕು ಕಣ್ರೀ" ಎಂದಾಗ ಮೈಯೆಲ್ಲ ಉರಿಯುತ್ತಿತ್ತು.

ನನ್ನ ಗೊರಕೆ ತಾಳಲಾರದೆ ಗಂಡ ಹೊರಗಿನ ದಿವಾನದ ಮೇಲೆ ಮಲಗುತ್ತಿದ್ದರು. "ನಿನಗೇನಮ್ಮ, ಸುಖನಿದ್ದೆ" ಎನ್ನುತ್ತಿದ್ದರು ಅತ್ತೆ. ಸುಖನಿದ್ದೆಯಂತೆ. ಎದ್ದರೆ ಬಾಯಿ ಒಣಗಿ, ತಲೆ ಕಲ್ಲಿನಷ್ಟು ಭಾರ.

ಒಂಬತ್ತನೇ ಕ್ಲಾಸಿನ ಮಗಳನ್ನು ಸ್ಕೂಟರಿನಲ್ಲಿ ಬನಶಂಕರಿಯ ಶಾಲೆಗೆ ಬಿಡುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಸಿಗ್ನಲ್ಲಿನಲ್ಲಿ ನಿಂತಿದ್ದೆವು. ಕಣ್ಣು ಮುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ. ಸ್ಕೂಟರ್ ವಾಲಿ ಇಬ್ಬರೂ ಬಿದ್ದೆವು. ಹಿಂದೆ ಬರುತ್ತಿದ್ದ ಬಸ್ಸು ಗಕ್ಕನೆ ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, "ಮೇಡಂ, ನಿದ್ದೆ ಬಂದ್ರೆ ಮನೇಲಿ ಮಲ್ಕೊಳ್ಳಿ" ಎಂದ. ಮಗಳ ಮೊಣಕೈ ತರಚಿ ರಕ್ತ ಬರುತ್ತಿತ್ತು. ಅವಳು ಅಳಲಿಲ್ಲ, ಬ್ಯಾಗ್ ಎತ್ತಿಕೊಂಡು ನಡೆದೇ ಶಾಲೆಗೆ ಹೋದಳು. ನಾನು ಸ್ಕೂಟರನ್ನು ರಸ್ತೆ ಬದಿಗೆ ನಿಲ್ಲಿಸಿ, ಆಟೋ ಹಿಡಿದು ಆಸ್ಪತ್ರೆಗೆ ಹೋದೆ.

ಅಲ್ಲಿ ಮೈಗೆ ವೈರು ಅಂಟಿಸಿ ಒಂದು ರಾತ್ರಿ ನನ್ನ ನಿದ್ದೆಯನ್ನು ಪರೀಕ್ಷಿಸಿದರು.

"ನಿದ್ದೇಲಿ ನಿಮ್ಮ ಉಸಿರು ನಿಂತು ನಿಂತು ಹೋಗ್ತಿದೆ" ಎಂದರು ಡಾಕ್ಟರು. "ನಿದ್ದೆ ಕೆಟ್ರೆ ಹಸಿವಿನ ಹಾರ್ಮೋನು ಜಾಸ್ತಿ ಆಗುತ್ತೆ, ಸಾಕು ಅನ್ನೋ ಹಾರ್ಮೋನಿನ ಮಾತು ಮಿದುಳಿಗೆ ನಾಟಲ್ಲ. ತೂಕ ಏರುತ್ತೆ. ಅದು ಕತ್ತಿನ ಸುತ್ತ ಸೇರ್ಕೊಂಡು ಮತ್ತೆ ಉಸಿರು ಕಟ್ಟುತ್ತೆ. ಮೊದ್ಲು ಆ ಅಲಾರಾಂ ತೆಗೀರಿ. ನಿದ್ದೆ ಸರಿಹೋಗೋವರೆಗೂ ಗಾಡಿ ಮುಟ್ಬೇಡಿ."

ಇಷ್ಟು ದಿನ ನನ್ನ ನಾಲಿಗೆಯನ್ನು ಬೈದಿದ್ದೆಲ್ಲ ನೆನಪಾಗಿ ಅಳು ಬಂತು, ಹಿಂದೆಯೇ ಸಿಟ್ಟೂ ಬಂತು.

ಮಲಗುವಾಗ ಮೂಗಿಗೆ ಮಾಸ್ಕು, ಅದಕ್ಕೊಂದು ಪೈಪು, ಉಸಿರು ನಿಲ್ಲದಂತೆ ಗಾಳಿ ಒತ್ತುವ ಯಂತ್ರ. ಮೊದಮೊದಲು ಕಿತ್ತು ಬಿಸಾಡೋಣ ಅನ್ನಿಸುತ್ತಿತ್ತು. ಬಿಸಾಡಲಿಲ್ಲ. ಮಗಳು ಬಸ್ಸಿನಲ್ಲಿ ಹೋಗತೊಡಗಿದ್ದಳು. ಅವಳು ಹೊರಟ ಮೇಲೆ ಅಡುಗೆಮನೆಗೂ ಗೇಟಿಗೂ ಸುಮ್ಮಸುಮ್ಮನೆ ಓಡಾಡುತ್ತಿದ್ದೆ. ಅವಳು ಮತ್ತೆ ನನ್ನ ಹಿಂದೆ ಕೂರಬೇಕು, ನನಗೆ ಬೇಕಿದ್ದುದು ಅದೊಂದೇ. ತೂಕ ಹಾಳಾಗಿ ಹೋಗಲಿ.

ಕೊನೆಗೆ ಡಾಕ್ಟರು ಇನ್ನು ಗಾಡಿ ಓಡಿಸಬಹುದು ಎಂದರು. ಮರುದಿನ ಬೆಳಿಗ್ಗೆ ಸ್ಕೂಟರ್ ಒರೆಸಿ, ಹೊರಗೆ ತಂದು, ಹಾರ್ನ್ ಮಾಡಿದೆ. ಮಗಳು ಬ್ಯಾಗ್ ಹಾಕಿಕೊಂಡು ಬಂದು ನಿಂತು ನನ್ನ ಕಣ್ಣನ್ನೇ ನೋಡಿದಳು.

"ಅಮ್ಮ, ಮೊದ್ಲು ಅಪ್ಪನ್ನ ಕೂರಿಸ್ಕೊಂಡು ಒಂದ್ ರೌಂಡ್ ಹೋಗ್ಬಾ. ಆಮೇಲೆ ನಾನ್ ಕೂರ್ತೀನಿ."

ಬೈಯಲು ಬಾಯಿ ತೆರೆದವಳು ಗಾಡಿ ಸ್ಟಾರ್ಟ್ ಮಾಡಿದೆ. ಪೇಪರ್ ಓದುತ್ತಿದ್ದ ಗಂಡ ಎದ್ದು ಹೆಲ್ಮೆಟ್ ಹುಡುಕತೊಡಗಿದರು.