ಹಿರಿಯರ ಸಹಿ

ಧಾರವಾಡದ ಕಡೆಯ ಒಂದು ಹೆಣ್ಣುಮಕ್ಕಳ ಶಾಲೆಯಿಂದ ಮುಖ್ಯಾಧ್ಯಾಪಕಿಯ ಕೆಲಸಕ್ಕೆ ಕರೆ ಬಂದಾಗ ನಾನು ಪುಣೆಯ ಒಂದು ವಾಡೆಯ ಮಹಡಿ ಕೋಣೆಯಲ್ಲಿ ಒಬ್ಬಳೇ ಇದ್ದೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ನನ್ನನ್ನು ಇಲ್ಲಿಗೆ ಕರೆತಂದು ಓದಿಸಿದ ಅಣ್ಣ ತೀರಿಕೊಂಡಿದ್ದ. ಹಗಲೆಲ್ಲ ಹಡಪಸರದ ಶಾಲೆಯಲ್ಲಿ ಮರಾಠಿಯಲ್ಲಿ ಪಾಠ, ಸಂಜೆ ನಲ್ಲಿಯ ಹತ್ತಿರ ನೆರೆಯವರೊಡನೆ ಮರಾಠಿಯಲ್ಲೇ ನಾಲ್ಕು ಮಾತು. ಕನ್ನಡ ಬೇಕೆನಿಸಿದರೆ ಒಲೆಯ ಮುಂದೆ ಕುಳಿತು ಹೊಗೆಯಾಡುವ ಹಸಿ ಕಟ್ಟಿಗೆಗೆ ಬೈಯಬೇಕು. ಅದಂತೂ ದಿನಾ ಬೈಸಿಕೊಳ್ಳುತ್ತಿತ್ತು.

ಹಾಗಾಗಿ ಆ ಪತ್ರ ಓದಿ ಕುಣಿಯುವುದೊಂದು ಬಾಕಿ. ಪಗಾರ ಇಲ್ಲಿಗಿಂತ ಹೆಚ್ಚು, ಇರಲು ಶಾಲೆಯ ಹಿಂದೆಯೇ ಮನೆ, ಸುತ್ತಲೂ ಕನ್ನಡ ಮಾತಾಡುವ ಹುಡುಗಿಯರು. ಕೊನೆಯಲ್ಲಿ ಮಾತ್ರ ಒಂದು ಸಾಲಿತ್ತು: ಹೆಣ್ಣುಮಗಳಾದ್ದರಿಂದ ಮನೆಯ ಹಿರಿಯ ಗಂಡಸರೊಬ್ಬರು ಸಹಿ ಮಾಡಿದ ಒಪ್ಪಿಗೆಯೂ ಜೊತೆಗಿರಬೇಕು. ನನಗೆ ಪಿತ್ತ ನೆತ್ತಿಗೇರಿತು. ಪರೀಕ್ಷೆ ಪಾಸಾದವಳು ನಾನು, ಅರ್ಜಿ ಹಾಕಿದವಳು ನಾನು, ಒಪ್ಪಿಗೆ ಮಾತ್ರ ಇನ್ನೊಬ್ಬರದು!

ನನಗೆ ಗೊತ್ತಿದ್ದ ಒಂದೇ ಕನ್ನಡ ಮನೆಯೆಂದರೆ ಅಣ್ಣನ ಕಚೇರಿಯಲ್ಲಿದ್ದ ಬೆಳಗಾವಿಯ ಗುಮಾಸ್ತರದು. ರಕ್ತಸಂಬಂಧವಿರಲಿಲ್ಲ, ಆದರೂ ಕಾಕಾ ಎನ್ನುತ್ತಿದ್ದೆ. ರವಿವಾರ ಹೋಗಿ ಪತ್ರ ತೋರಿಸಿದೆ. ಅವರು ಓದಿ ನಕ್ಕರು.

"ಇಷ್ಟಕ್ಕ ಯಾಕ ಚಿಂತೀ ಮಾಡ್ತೀ? ನಾ ಸಹಿ ಹಾಕ್ತೀನಿ. ಹೆಂಗೂ ಕಾಕಾ ಅಂತೀಯಲ್ಲ, ಅಲ್ಲಿಂದ ಯಾರು ಬಂದು ವಂಶಾವಳಿ ಕೇಳ್ತಾರ?"

ಹೂಂ ಎಂದಿದ್ದರೆ ಮುಗಿದಿತ್ತು. ಮಾತು ನಾಲಗೆಯ ತುದಿಗೇ ಬಂದಿತ್ತು. ಆದರೆ ಇವತ್ತು ಇವರ ಒಪ್ಪಿಗೆ ಕೇಳುವವರು ನಾಳೆ ನನ್ನ ರಜೆಗೂ, ನಾನು ಹೊರಗೆ ಹೋಗಿ ಬರುವುದಕ್ಕೂ ಇವರನ್ನೇ ಕೇಳುತ್ತಾರೆ. ಸುಳ್ಳಿನ ಕಾಕಾ ಒಬ್ಬರನ್ನು ಬೆನ್ನಿಗೆ ಕಟ್ಟಿಕೊಂಡು ಮುಖ್ಯಾಧ್ಯಾಪಕಿಯ ಕುರ್ಚಿಯಲ್ಲಿ ಹೇಗೆ ಕೂರಲಿ?

"ಬ್ಯಾಡ್ರಿ ಕಾಕಾ. ನೀವು ಭಾಳ ಛಲೋ ಮಂದಿ. ಆದ್ರ ನೌಕರಿ ನಂದು, ಸಹೀನೂ ನಂದ ಇರ್ಲಿ."

"ಹಟಾ ಮಾಡಿ ಕೈಗೆ ಬಂದದ್ದು ಕಳಕೋಬ್ಯಾಡವಾ," ಎಂದರು. ಆ 'ವಾ' ಕೇಳಿ, ಹಾಗೆಯೇ ಕರೆಯುತ್ತಿದ್ದ ನನ್ನ ಅಣ್ಣನ ನೆನಪಾಯಿತು. ಬೇಗ ಎದ್ದು ಬಂದೆ.

ಕೋಣೆಗೆ ಬಂದು ಉತ್ತರ ಬರೆದೆ. ಮೊದಲು ಬರೆದದ್ದರಲ್ಲಿ ಸಿಟ್ಟೇ ತುಂಬಿತ್ತು, ಹರಿದೆ. ಆಮೇಲಿನದರಲ್ಲಿ ಅಂಗಲಾಚಿದ್ದೆ, ಅದನ್ನೂ ಹರಿದೆ. ಕಡೆಗೆ ಉಳಿದದ್ದು ಇಷ್ಟು: ತಾವು ಇಟ್ಟ ವಿಶ್ವಾಸಕ್ಕೆ ಕೃತಜ್ಞಳಾಗಿದ್ದೇನೆ. ಕೆಲಸವನ್ನು ಸಂತೋಷದಿಂದ ಒಪ್ಪಿಕೊಂಡಿದ್ದೇನೆ. ನನಗೆ ಹಿರಿಯರು ಯಾರೂ ಇಲ್ಲವಾದ್ದರಿಂದ ನನ್ನ ಸಹಿಯನ್ನೇ ಒಪ್ಪಿಗೆಯೆಂದು ತಿಳಿಯಬೇಕು. 'ಯಾರೂ ಇಲ್ಲ' ಎನ್ನುವಲ್ಲಿ ಕೈ ನಿಂತಿತು. ಗೊತ್ತಿದ್ದ ಸಂಗತಿಯೇ, ಆದರೆ ಅಲ್ಲಿಯವರೆಗೆ ಎಲ್ಲಿಯೂ ಬರೆದಿರಲಿಲ್ಲ.

ಉತ್ತರ ಬರಲು ತಡವಾಗಲಿಲ್ಲ. ನಿಯಮ ಮೀರುವಂತಿಲ್ಲವೆಂದು ವಿಷಾದಿಸಿದ್ದರು, ಶುಭ ಕೋರಿದ್ದರು. ನಾನು ಮಾಡಿದ್ದು ಸರಿ, ಇವತ್ತಿಗೂ ಅದರಲ್ಲಿ ಸಂಶಯವಿಲ್ಲ. ಆದರೂ ಬಾಗಿಲು ಹಾಕಿಕೊಂಡು ಮನದಣಿಯೆ ಅತ್ತೆ. ಅತ್ತು ಮುಗಿದ ಮೇಲೆ ಪತ್ರವನ್ನು ಮತ್ತೆ ಕೈಗೆತ್ತಿಕೊಂಡು ಮೊದಲಿನಿಂದ ಗಟ್ಟಿಯಾಗಿ ಓದಿದೆ. ಬೇಡ ಎಂದಿದ್ದರು, ನಿಜ. ಆದರೆ ಎಷ್ಟು ಚೆಂದದ ಕನ್ನಡದಲ್ಲಿ ಎಂದಿದ್ದರು! ಇನ್ನೊಮ್ಮೆ ಓದಿದೆ.