ಓದದೇ ಕಿತ್ತ ಎರಡು ಹಲಗೆ

ಬೆಳಗಿನ ಐದು ಗಂಟೆ. ಬಾವ್ ಮೇಸ್ತ್ರಿ ಚಪ್ಪಲಿ ಬಿಟ್ಟು ನಮ್ಮೂರಿನ ಹೆಂಚಿನ ಮಾಡಿನ ಮರದ ಸೇತುವೆ ಹತ್ತುತ್ತಾರೆ. ಎಪ್ಪತ್ತೆರಡು ಹಲಗೆಗಳ ಮೇಲೂ ಹಿಮ್ಮಡಿ ಊರಿ ನಡೆಯುತ್ತಾರೆ. ಅಲುಗಿದ ಹಲಗೆ ಕಾಲಿಗೇ ಗೊತ್ತಾಗುತ್ತದೆ. ಗೊತ್ತಾದ ಕಡೆ ಕೂತು ಗೂಟ ಬಡಿಯುತ್ತಾರೆ.

"ಏನ್ ತಾತ, ಹಲಗೆಗೆ ಜ್ವರ ಬಂದಿದೆಯಾ?" ಸ್ಕೂಟರಿನ ಹುಡುಗಿ ಕೇಳುತ್ತಾಳೆ.

"ನಿನ್ನ ಗಾಡಿ ಹತ್ತಿಸಿದ್ದಕ್ಕೇ ಬಂದಿದ್ದು. ಇಳಿದು ತಳ್ಕೊಂಡು ಹೋಗಮ್ಮ."

ಮೇಸ್ತ್ರಿಗೆ ಈಗ ಅರವತ್ತಾರು. ತಂದೆಯ ನಂತರ ಈ ಕೆಲಸಕ್ಕೆ ನಿಂತು ನಲವತ್ತೈದು ವರ್ಷ. ಮಳೆಗಾಲಕ್ಕೆ ಮುಂಚೆ ಸಾವಿರದ ಒಂಬೈನೂರು ಹೆಂಚುಗಳನ್ನೂ ಇಳಿಸಿ, ಉಜ್ಜಿ, ಮತ್ತೆ ಹೊದಿಸುತ್ತಾರೆ. ಇಷ್ಟೆಲ್ಲ ತಿಳಿದವರು ಸೇತುವೆಯನ್ನು ಯಾರು ಕಟ್ಟಿಸಿದರು ಎಂದು ಕೇಳಿದರೆ ಮಾತ್ರ ತಲೆ ತಗ್ಗಿಸುತ್ತಾರೆ.

ಅದೆಲ್ಲ ಸೇತುವೆಯ ಮೇಲೇ ಇತ್ತು. ಎರಡೂ ಬದಿ ಜನ ಕೂರುತ್ತಿದ್ದ ಉದ್ದನೆಯ ಹಲಗೆಗಳ ಮೇಲೆ ನಮ್ಮ ಹಿರಿಯರು ಬಳಸುತ್ತಿದ್ದ ಹಳೆಯ ಚೀನೀ ಅಕ್ಷರಗಳಲ್ಲಿ ಕೊರೆದಿತ್ತು: ಯಾವ ವರ್ಷ, ಯಾವ ಬಡಗಿ, ಯಾವ ಮನೆಯವರು ಯಾವ ಮರ ಕೊಟ್ಟರು ಎಂದು. "ಎಣ್ಣೆ ಹಚ್ಚಿ ಹಚ್ಚಿ ಅಕ್ಷರ ಬೆರಳಿಗೆ ಗೊತ್ತಿತ್ತು. ತಲೆಗೆ ಗೊತ್ತಿರಲಿಲ್ಲ," ಎನ್ನುತ್ತಾರೆ.

ಮೂವತ್ತೊಂಬತ್ತು ವರ್ಷಗಳ ಹಿಂದೆ ಹೊಳೆಯ ಏರಿ ಒಡೆದು ಊರು ಮುಳುಗಿತು. ಆಚೆ ದಡದ ಒಂದು ಮನೆಯ ಸೂರಿನ ಮೇಲೆ ಒಂಬತ್ತು ಜನ ಸಿಕ್ಕಿಕೊಂಡರು. ಸೇತುವೆಗೂ ಆ ಮನೆಗೂ ನಡುವೆ ಆಳದ ನೀರು, ದೋಣಿ ಇಲ್ಲ. ಬಾವ್ ಹಾರೆ ಹಾಕಿ ಆ ಎರಡು ಹಲಗೆ ಕಿತ್ತರು. ಆ ಅಕ್ಷರ ಬಲ್ಲವರು ಊರಲ್ಲಿ ಒಬ್ಬರೇ, ಮುದುಕ ಕೀ ಮೇಷ್ಟ್ರು. ಅವರು ಬಾವ್ ಕೈ ಹಿಡಿದುಕೊಂಡರು: "ಒಂದು ಗಳಿಗೆ ಇರೋ, ಬರ್ಕೋತೀನಿ!"

"ನೀರು ನಿಲ್ಲುತ್ತಾ ಮೇಷ್ಟ್ರೇ? ಕೈ ಬಿಡಿ!"

ಹಲಗೆಗಳಿಗೆ ಬಾಳೆದಿಂಡು ಕಟ್ಟಿ ಎರಡು ಸಲ ಹೋಗಿಬಂದರು. ಒಂಬತ್ತೂ ಜನ ಉಳಿದರು. ಕೊನೆಯವರು ಸೇತುವೆ ಹತ್ತುವಾಗ ಹಗ್ಗ ಬಿಚ್ಚಿಕೊಂಡು ಹಲಗೆಗಳು ನೀರುಪಾಲಾದವು.

"ಕಿತ್ತಿದ್ದಕ್ಕೆ ಬೇಜಾರಿಲ್ಲ," ಎನ್ನುತ್ತಾರೆ ಮೇಸ್ತ್ರಿ. "ಮೇಷ್ಟ್ರು ಆಮೇಲೂ ನಾಲ್ಕು ತಿಂಗಳು ಬದುಕಿದ್ರು. ನಮ್ಮ ಮನೆಯಿಂದ ಐದನೇ ಮನೆ. ಅಲ್ಲಿ ಕೂತು ಕೇಳಿದ್ದಿದ್ರೆ ನೆನಪಿದ್ದಷ್ಟಾದ್ರೂ ಹೇಳ್ತಿದ್ರು. ಅವತ್ತು ಕೈ ಒದರಿದ್ನಲ್ಲ, ಮುಖ ತೋರಿಸೋಕೆ ನಾಚಿಕೆ. ಇವತ್ತು ಹೋಗೋಣ, ನಾಳೆ ಹೋಗೋಣ ಅಂತ... ಹೋದದ್ದು ಮಣ್ಣಿಗೇ."

ಸೇತುವೆಯ ಬಾಯಲ್ಲಿ ಚಹಾ ಮಾರುವ ಥೋವಾ ಆ ಒಂಬತ್ತರಲ್ಲಿ ಒಬ್ಬಳು. ಆಗ ಹನ್ನೊಂದು ವರ್ಷ. "ಇವರ ಕೊರಗು ಕೇಳಿ ಕೇಳಿ, ನಾನು ಬದುಕಿದ್ದೇ ತಪ್ಪೇನೋ ಅನ್ಸುತ್ತೆ," ಎಂದು ರೇಗಿಸುತ್ತಾಳೆ. ಹೋದ ವರ್ಷ ಮೇಸ್ತ್ರಿ ಹೊಸ ಹಲಗೆಗಳನ್ನು ಕೂರಿಸಿದರು. ಅಕ್ಷರವಿಲ್ಲದ ಬೋಳು ಹಲಗೆ. "ನಮ್ಮ ಒಂಬತ್ತು ಹೆಸರು ಕೊರೀರಿ ಅಣ್ಣ," ಎಂದಳು ಥೋವಾ.

"ಮರ ಕೊಟ್ಟೋರು ನೀವಲ್ಲ," ಎಂದರಂತೆ.

ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ ಮೇಸ್ತ್ರಿ ಸೈಕಲ್ ಏರಿ ಹೊಳೆಯ ಕೆಳದಂಡೆಯ ಊರುಗಳಿಗೆ ಹೋಗುತ್ತಾರೆ. ಕಂಡವರ ಮಂಚ, ಬಾಗಿಲು, ಹಂದಿಗೂಡು ಬಗ್ಗಿ ನೋಡುತ್ತಾರೆ. ಆ ಹಲಗೆಗಳು ಈವರೆಗೆ ಸಿಕ್ಕಿಲ್ಲ.

"ಸಿಕ್ಕರೂ ವಾಪಸ್ ಕೇಳಲ್ಲ. ಅವರ ಹಂದಿಗೂಡಿಗೇ ಇರಲಿ," ಎನ್ನುತ್ತಾರೆ. "ಪೇಟೆಯಿಂದ ಓದೋರನ್ನ ಕರ್ಕೊಂಡು ಹೋಗ್ತೀನಿ. ಪಕ್ಕದಲ್ಲಿ ಕೂತು, ಪೂರ್ತಿ ಕೇಳಿಸ್ಕೊಂಡು ಬರ್ತೀನಿ."